ಮೂರು ವರ್ಷದ ವೈರ್‌ಗಾರ್ಡ್: ನಾಲ್ಕು ಊರಿಗೆ ಒಂದೇ ಟ್ಯಾಲಿ, ಕಾಟ ಕೊಟ್ಟಿದ್ದು ಮಾತ್ರ ಗಡಿಯಾರ

ಪಂಪ್‌ಸೆಟ್, ಪೈಪು, ಫಿಟಿಂಗ್ಸ್ ವ್ಯಾಪಾರ ನಮ್ಮದು. ಹೆಡ್ ಆಫೀಸ್ ಹುಬ್ಬಳ್ಳಿ; ಗದಗ, ಹಾವೇರಿ, ಶಿರಸಿಯಲ್ಲಿ ಬ್ರಾಂಚ್. ಲೆಕ್ಕಪತ್ರದ ಜೊತೆ ಕಂಪ್ಯೂಟರ್ ಜವಾಬ್ದಾರಿಯೂ ನನ್ನದೇ. ಮೊದಲೆಲ್ಲ ಬ್ರಾಂಚಿನವರು ರಾತ್ರಿ ಟ್ಯಾಲಿ ಡೇಟಾ ಎಕ್ಸ್‌ಪೋರ್ಟ್ ಮಾಡಿ ಮೇಲ್ ಹಾಕುತ್ತಿದ್ದರು, ಬೆಳಿಗ್ಗೆ ನಾವು ಸೇರಿಸಿಕೊಳ್ಳುತ್ತಿದ್ದೆವು. ಸ್ಟಾಕ್ ಯಾವಾಗಲೂ ಒಂದು ದಿನ ಹಿಂದೆ. ಊರೂರು ಜೋಡಿಸುವ ಎಂಪಿಎಲ್‌ಎಸ್ ಎಂಬ ಖಾಸಗಿ ಲೈನಿಗೆ ಕೊಟೇಶನ್ ತರಿಸಿದಾಗ ಸಾಹುಕಾರರು ಕೆಳಗಿನ ಮೊತ್ತ ನೋಡಿ ಕಾಗದ ಮಡಚಿ ಡ್ರಾವರಿಗೆ ಹಾಕಿದರು. ಕೊನೆಗೆ ಹಿಡಿದಿದ್ದು ವೈರ್‌ಗಾರ್ಡ್, ಮಾಮೂಲಿ ಇಂಟರ್ನೆಟ್ ಮೇಲೆಯೇ ಊರುಗಳ ನಡುವೆ ಗುಪ್ತ ದಾರಿ (ವಿಪಿಎನ್) ಹಾಕುವ ಸಾಫ್ಟ್‌ವೇರ್. ಅದಕ್ಕೆ ಲೈಸೆನ್ಸ್ ದುಡ್ಡಿಲ್ಲ. ಊರಿಗೊಂದು ಸಣ್ಣ ರೂಟರ್, ಹುಬ್ಬಳ್ಳಿಗೊಂದು ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ), ಅಲ್ಲಿಗೆ ಖರ್ಚು ಮುಗಿಯಿತು.

ಬ್ರಾಂಚ್‌ಗಳಿಗೆ ಸ್ಟ್ಯಾಟಿಕ್ ಐಪಿ ಬೇಕಿಲ್ಲ. ಊರಿನ ಇಂಟರ್ನೆಟ್‌ನವರು ಕೊಡುವುದು 100.64ರಿಂದ ಶುರುವಾಗುವ, ಹತ್ತಾರು ಗಿರಾಕಿಗಳು ಹಂಚಿಕೊಂಡ ವಿಳಾಸ. ಹೊರಗಿನಿಂದ ಅದನ್ನು ಮುಟ್ಟಲಾಗದು. ಆದರೆ ಬ್ರಾಂಚೇ ಹುಬ್ಬಳ್ಳಿಯನ್ನು ಕರೆಯುತ್ತದೆ. ಸುಮ್ಮನಿದ್ದಾಗಲೂ ಸಣ್ಣ ಪ್ಯಾಕೆಟ್ ಕಳಿಸುತ್ತಿರುವ 'ಕೀಪಲೈವ್' ಅನ್ನು 25 ಸೆಕೆಂಡಿಗೆ ಇಟ್ಟರೆ ದಾರಿ ತೆರೆದೇ ಇರುತ್ತದೆ.

ನಾನು ಇದಕ್ಕೆ ಮನಸೋತಿದ್ದು ಶಿರಸಿಯಲ್ಲಿ. ಮಳೆಗಾಲ, ಎಲ್ಲೋ ಮರ ಬಿದ್ದು ಫೈಬರ್ ಹರಿದಿತ್ತು. ರೂಟರ್ ತಾನಾಗಿಯೇ 4ಜಿ ಸಿಮ್‌ಗೆ ಹೊರಳಿತು. ಕೌಂಟರಿನ ಹುಡುಗಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ, ಅಂದರೆ ಹುಬ್ಬಳ್ಳಿ ಸರ್ವರಿನ ಪರದೆಯನ್ನೇ ಅಲ್ಲಿಂದ ತೆರೆದು, ಬಿಲ್ ಹಾಕುತ್ತಿದ್ದಳು. ಫೋನ್ ಮಾಡಿ ಕೇಳಿದರೆ, "ಒಂದ್ ಗಳಿಗಿ ಸ್ಕ್ರೀನ್ ನಿಂತಿತ್ರಿ ಸರ್, ಮತ್ತ ನಡದೇತಿ" ಅಂದಳು. ಲಾಗಿನ್ ಹೋಗಿರಲಿಲ್ಲ, ಅರ್ಧ ಹಾಕಿದ ಬಿಲ್ ಹಾಗೇ ಇತ್ತು. ಸರಿಯಾದ ಕೀಲಿಯಿಂದ (ರೂಟರಿನಲ್ಲಿರುವ ಗುಪ್ತ ಸಂಕೇತದಿಂದ) ಪ್ಯಾಕೆಟ್ ಬಂದರೆ ಸಾಕು, ಅದು ಯಾವ ವಿಳಾಸದಿಂದ ಬಂತೋ ಅದನ್ನೇ ಹುಬ್ಬಳ್ಳಿ ಕಡೆ ಹೊಸ ವಿಳಾಸವೆಂದು ಹಿಡಿಯುತ್ತದೆ. ಒಳಗಿನ ಐಪಿ ಬದಲಾಗುವುದಿಲ್ಲ, ಹಾಗಾಗಿ ಕೆಲಸವೂ ಕಡಿಯುವುದಿಲ್ಲ. ಹಿಂದೆ ಎರಡು ಬೇರೆ ಕಂಪನಿಯ ರೂಟರ್‌ಗಳ ನಡುವೆ ಐಪಿಸೆಕ್ ಎಂಬ ಇನ್ನೊಂದು ಬಗೆಯ ವಿಪಿಎನ್ ಹೊಂದಿಸಿ ಕೂತವರಿಗೆ ಇದರ ಬೆಲೆ ಗೊತ್ತು.

ಬೆಳಿಗ್ಗೆ ಆಫೀಸಿಗೆ ಬಂದು, ಚಹಾ ಬರುವ ಮುಂಚೆ ನಾನು ನೋಡುವುದು ಒಂದೇ ಪರದೆ: ಮೂರು ಬ್ರಾಂಚಿನ ಹೆಸರು, ಪಕ್ಕದಲ್ಲಿ 'ಲೇಟೆಸ್ಟ್ ಹ್ಯಾಂಡ್‌ಶೇಕ್'. ಸುಮಾರು ಎರಡು ನಿಮಿಷಕ್ಕೊಮ್ಮೆ ಎರಡೂ ಕಡೆ ಹೊಸದಾಗಿ ಕೈಕುಲುಕಬೇಕು. ಗದಗ 40 ಸೆಕೆಂಡ್, ಹಾವೇರಿ ಒಂದೂವರೆ ನಿಮಿಷ ಎಂದಿದ್ದರೆ ನೆಮ್ಮದಿ. ಮೂರು ನಿಮಿಷ ದಾಟಿದರೆ ಆ ಊರು ಕಡಿದುಹೋಗಿದೆ ಎಂದೇ ಅರ್ಥ.

ಯಾಕೆ ಕಡಿಯಿತು ಎಂದು ಮಾತ್ರ ವೈರ್‌ಗಾರ್ಡ್ ಹೇಳುವುದಿಲ್ಲ. ಕರೆಂಟಿಲ್ಲವೋ, ಪೋರ್ಟ್ ಬ್ಲಾಕ್ ಆಯಿತೋ, ಕೀಲಿ ತಪ್ಪೋ, ಎಲ್ಲಕ್ಕೂ ಒಂದೇ ಮೌನ. ಕೀಲಿ ಗೊತ್ತಿಲ್ಲದವರಿಗೆ ಉತ್ತರವನ್ನೇ ಕೊಡಬಾರದು ಎಂದು ಹಾಗೆ ಮಾಡಿದ್ದಾರೆ, ಭದ್ರತೆಗೆ ಅದು ಒಳ್ಳೆಯದೇ. ಆದರೆ ಶಿರಸಿಯಲ್ಲಿ ರಾತ್ರಿ ಕರೆಂಟು ಹೋಗಿ ಬಂದ ಮರುದಿನವೆಲ್ಲ ಸಂಪರ್ಕವೇ ಇಲ್ಲ. ಇಂಟರ್ನೆಟ್ ಇದೆ, ವಾಟ್ಸಾಪ್ ನಡೆಯುತ್ತದೆ, ಟ್ಯಾಲಿ ಇಲ್ಲ. ಹುಬ್ಬಳ್ಳಿಯ ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಿತ್ತು, ಆದರೆ ಅಷ್ಟು ಹೊತ್ತು ಗದಗ, ಹಾವೇರಿಯ ಬಿಲ್ಲಿಂಗೂ ನಿಲ್ಲಬೇಕು. ಸಂತೆ ದಿನ ಹೀಗಾದಾಗ ನನಗೆ ಇದೆಲ್ಲ ಸಾಕೆನಿಸಿತ್ತು.

ಕಾರಣ ಗಡಿಯಾರ. ಬ್ರಾಂಚ್ ಹ್ಯಾಂಡ್‌ಶೇಕ್ ಶುರುಮಾಡುವಾಗ ತನ್ನ ಸಮಯವನ್ನೂ ಕಳಿಸುತ್ತದೆ. ಕಳೆದ ಸಲದ್ದಕ್ಕಿಂತ ಹಳೆಯ ಸಮಯ ಬಂದರೆ, ಯಾರೋ ಹಳೆಯ ಪ್ಯಾಕೆಟ್ಟನ್ನೇ ಮತ್ತೆ ಕಳಿಸುತ್ತಿದ್ದಾರೆಂದು ಹುಬ್ಬಳ್ಳಿ ಅದನ್ನು ಬಿಸಾಕುತ್ತದೆ. ಶಿರಸಿಯ ರೂಟರಿನ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟು ಹೋಗಿ ಬಂದರೆ ಸಮಯ ಹಿಂದಕ್ಕೆ. ಇಂಟರ್ನೆಟ್‌ನಿಂದ ಸರಿಪಡಿಸಿಕೊಳ್ಳಬೇಕಿತ್ತು, ಆದರೆ ರೂಟರ್ ಕೂರಿಸಿಕೊಟ್ಟವರು ಎನ್‌ಟಿಪಿಗೆ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿಪಡಿಸುವ ವ್ಯವಸ್ಥೆಗೆ) ಕೊಟ್ಟಿದ್ದು ನಮ್ಮ ಹೆಡ್ ಆಫೀಸ್ ಸರ್ವರಿನ ವಿಳಾಸ. ಸಮಯ ಸರಿಯಾಗಲು ವಿಪಿಎನ್ ಬೇಕು, ವಿಪಿಎನ್ ಬರಲು ಸಮಯ ಸರಿಯಿರಬೇಕು! ಹುಬ್ಬಳ್ಳಿಯ ರೂಟರ್ ಹಳೆಯ ಸಮಯವನ್ನು ಮೆಮೊರಿಯಲ್ಲಷ್ಟೇ ಇಟ್ಟುಕೊಳ್ಳುವುದರಿಂದ ರೀಬೂಟ್ ಆದರೆ ಮರೆಯುತ್ತಿತ್ತು, ಬಾಗಿಲು ತೆರೆಯುತ್ತಿತ್ತು. ಎನ್‌ಟಿಪಿಯನ್ನು ನೇರ ಇಂಟರ್ನೆಟ್ ಮೇಲೆ ಹೊರಗಿನ ಸರ್ವರಿಗೆ ತಿರುಗಿಸಿದ ಮೇಲೆ ಈ ಕಾಟ ಮತ್ತೆ ಬಂದಿಲ್ಲ.

ಇದನ್ನು ಹಾಕಿಸಿಕೊಳ್ಳುವವರಿಗೆ ಇನ್ನೊಂದು ಮಾತು. ಬ್ರಾಂಚಿನ ಕಂಪ್ಯೂಟರಿನಿಂದ ಟ್ಯಾಲಿ ಡೇಟಾ ಫೋಲ್ಡರನ್ನೇ ವಿಪಿಎನ್ ಮೇಲೆ ತೆರೆಯಬೇಡಿ, ಒಂದು ಲೆಡ್ಜರ್ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಹೋಗುತ್ತಾರೆ. ಸರ್ವರಿನಲ್ಲೇ ಟ್ಯಾಲಿ ನಡೆಸಿ, ಬ್ರಾಂಚಿಗೆ ರಿಮೋಟ್ ಡೆಸ್ಕ್‌ಟಾಪ್ ಕೊಡಿ. ಆಫೀಸಿನಲ್ಲಿ ರೂಟರ್ ಸೆಟ್ಟಿಂಗ್ ಮುಟ್ಟುವವರು ಒಬ್ಬರೂ ಇಲ್ಲದಿದ್ದರೆ, ದುಡ್ಡು ಹೆಚ್ಚಾದರೂ ಬೇರೆಯವರಿಗೆ ನಿರ್ವಹಣೆ ಒಪ್ಪಿಸುವುದೇ ಲೇಸು.

ನಮ್ಮ ಮುಂದಿನ ಬ್ರಾಂಚ್ ರಾಣೇಬೆನ್ನೂರಿನಲ್ಲಿ. ಅಲ್ಲಿಗೂ ವೈರ್‌ಗಾರ್ಡೇ. ಎಲ್ಲಾ ಕಡೆ ಒಳಗಿನ ಐಪಿ ಸಾಲು ಒಂದೇ 192.168.1 ಇದ್ದರೆ ಊರೂರು ಜೋಡಿಸಲು ಬರುವುದಿಲ್ಲ, ಅದಕ್ಕೇ ಆ ಊರಿಗೆ 192.168.40 ಎಂದು ಈಗಲೇ ಎತ್ತಿಟ್ಟಿದ್ದೇನೆ.