ವಿ-ಕ್ರಾಸ್ ಹಿಂದೆ ಜಿಪ್ಸಿ: ತಿಪಟೂರಿಂದ ಮಧುಗಿರಿಗೆ ಎರಡು ವರ್ಷ ಎಳೆದ ಮೇಲೆ

ನಮ್ಮ ಮನೆಯ ಮಾರುತಿ ಜಿಪ್ಸಿ ಜೀಪಿಗೆ ಇಪ್ಪತ್ತು ವರ್ಷ ದಾಟಿದೆ. ತೋಟಕ್ಕೆ ಓಡಾಡಲು ಅಪ್ಪ ತಂದಿದ್ದು. ಅವರು ಹೋದ ಮೇಲೆ ಮಾರಲು ಮನಸ್ಸು ಬರಲಿಲ್ಲ. ಮಧುಗಿರಿ ಕಡೆ ಸ್ನೇಹಿತರೊಬ್ಬರ ಜಮೀನಿದೆ. ಬಂಡೆ, ಹಳ್ಳ, ಜಾಲಿ ಬಿಟ್ಟರೆ ಬೇರೇನಿಲ್ಲ. ತಿಂಗಳಿಗೊಂದು ಭಾನುವಾರ ಆ ಬಂಡೆ, ಹಳ್ಳ ಹತ್ತಿಳಿಯೋಕೆ ಅಂತಲೇ ನಾಲ್ಕೈದು ಗಾಡಿ ಅಲ್ಲಿ ಸೇರುತ್ತವೆ, ಅದರಲ್ಲಿ ನಮ್ಮ ಜಿಪ್ಸಿಯೂ ಒಂದು.

ತಿಪಟೂರಿಂದ ಅಲ್ಲಿಗೆ ಸುಮಾರು 120 ಕಿ.ಮೀ. ದಪ್ಪ ಮಡ್ ಟೈರ್ ಹಾಕಿದ ಜಿಪ್ಸಿಯಲ್ಲಿ ಅಷ್ಟು ದೂರ ಟಾರ್ ರಸ್ತೆ ಓಡಿಸಿದರೆ ಕಿವಿ, ಸೊಂಟ ಎರಡೂ ಹೋಗುತ್ತವೆ. ಅದಕ್ಕಿಂತ ದೊಡ್ಡ ಭಯ ಅಲ್ಲಿ ಏನಾದರೂ ಮುರಿದರೆ ಅನ್ನೋದು. ಒಂದು ಸಲ ಮುಂದಿನ ಆಕ್ಸಲ್‌ನ ಬರ್ಫೀಲ್ಡ್ ಜಾಯಿಂಟ್ (ತಿರುಗುವ ಚಕ್ರಕ್ಕೆ ಎಂಜಿನ್ ಬಲ ಮುಟ್ಟಿಸುವ ಕೀಲು) ಬಂಡೆ ಹತ್ತುವಾಗ ಪುಡಿಯಾಯಿತು. ದೊಡ್ಡ ಟೈರ್ ಹಾಕಿದ ಜಿಪ್ಸಿಗಳಲ್ಲಿ ಇದು ಆಗೋದೇ. ಬಾಡಿಗೆ ಗಾಡಿ ಬಂದು ಹೊತ್ತುಕೊಂಡು ಮನೆ ಸೇರಿಸುವಷ್ಟರಲ್ಲಿ ಬೆಳಗಿನ ಜಾವ ಮೂರು ಗಂಟೆ. ಆಮೇಲೆ ಸ್ವಂತಕ್ಕೆ ಒಂದು ಟ್ರೇಲರ್ ಮಾಡಿಸಿದೆ. ಎಳೆಯಲು ಪಿಕಪ್ ಮನೆಯಲ್ಲೇ ಇತ್ತು, ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 1.9 ಲೀಟರ್ ಡೀಸೆಲ್.

ಹಗ್ಗವೋ ರಾಡೋ ಕಟ್ಟಿ ಹಾಗೇ ಎಳೆದುಕೊಂಡು ಹೋಗಬಹುದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸರಿಯಾಗಿರುವ ಗಾಡಿಯನ್ನು ಹಾಗೆ ಎಳೆಯಲು ನಮ್ಮ ರಸ್ತೆ ನಿಯಮ ಬಿಡುವುದಿಲ್ಲ. ಕೆಟ್ಟು ನಿಂತ ಗಾಡಿಯನ್ನು ಎಳೆಯಬಹುದು, ಆಗಲೂ ಎರಡರ ನಡುವೆ 5 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು. ಟ್ರೇಲರ್ ಆದರೆ ಅದಕ್ಕೆ ಅದರದೇ ನೋಂದಣಿ ಬೇಕು. ಇದನ್ನು ಮೊದಲೇ ಮಾಡಿಸಿಕೊಳ್ಳಿ.

ಎಳೆಯುವ ವಿಷಯಕ್ಕೆ ಬಂದರೆ ವಿ-ಕ್ರಾಸ್ ಬಗ್ಗೆ ನನಗೆ ಒಂದು ಮಾತೂ ತಕರಾರಿಲ್ಲ. 163 ಎಚ್‌ಪಿ, 360 ನ್ಯೂಟನ್ ಮೀಟರ್ ಟಾರ್ಕ್. ಈ ಟಾರ್ಕ್ 2,000 ಆರ್‌ಪಿಎಂಗೇ ಸಿಗುತ್ತದೆ, ಅದೇ ಮುಖ್ಯ. ಜಿಪ್ಸಿ ಹತ್ತಿರ ಹತ್ತಿರ ಒಂದು ಟನ್, ಟ್ರೇಲರ್ ಆರುನೂರು ಕಿಲೋ. ಏಪ್ರಿಲ್ ಬಿಸಿಲಲ್ಲಿ ಕೊರಟಗೆರೆ ದಾಟಿ ಏರು ಹತ್ತುವಾಗಲೂ ಟೆಂಪರೇಚರ್ ಮುಳ್ಳು ಇದ್ದ ಜಾಗ ಬಿಟ್ಟು ಅಲ್ಲಾಡಿಲ್ಲ. ಮಳೆ ಬಂದ ಹೊಲದಲ್ಲಿ ಟ್ರೇಲರ್ ಹೂತಾಗ 4ಎಲ್‌ಗೆ (ನಾಲ್ಕೂ ಚಕ್ರ ನಿಧಾನವಾಗಿ, ಜಾಸ್ತಿ ಬಲದಲ್ಲಿ ತಿರುಗುವ ಗೇರಿಗೆ) ಹಾಕಿ ಕ್ಲಚ್ ಮೆಲ್ಲಗೆ ಬಿಟ್ಟರೆ ಸಾಕು, ಎದ್ದು ಬರುತ್ತದೆ. ಖಾಲಿ ಪಿಕಪ್ ಹಿಂದೆ ಕುಣಿಯೋದು ಪ್ಲೇಟ್ ಸ್ಪ್ರಿಂಗ್ ಇರುವ ಎಲ್ಲ ಪಿಕಪ್‌ಗಳ ಗುಣ. ಟ್ರೇಲರ್‌ನ ಮೂತಿಯ, ಅಂದರೆ ಪಿಕಪ್‌ಗೆ ಸಿಕ್ಕಿಸುವ ಮುಂದಿನ ತುದಿಯ, ಭಾರ ಮೇಲೆ ಕೂತ ಕೂಡಲೇ ಆ ಕುಣಿತ ಕಡಿಮೆಯಾಗುತ್ತದೆ. ಡೀಸೆಲ್ ಮಾತ್ರ ಜಾಸ್ತಿ ಕುಡಿಯುತ್ತದೆ. ಖಾಲಿ ಓಡಿಸಿದರೆ ನನಗೆ ಲೀಟರ್‌ಗೆ 12 ಕಿ.ಮೀ. ಸಿಗುತ್ತದೆ, ಜಿಪ್ಸಿ ಹಿಂದಿದ್ದರೆ 8.

ಕಷ್ಟ ಇರುವುದು ಎಳೆಯುವುದರಲ್ಲಲ್ಲ.

ಮೊದಲ ದಿನ ಬಿ.ಎಚ್. ರಸ್ತೆಯಲ್ಲಿ ಕೆ.ಬಿ. ಕ್ರಾಸ್ ದಾಟಿ ನಿಟ್ಟೂರಿನ ಕಡೆ ಹೋಗುತ್ತಿದ್ದೆವು. ವೇಗ 70 ಇರಬಹುದು. ಇಳಿಜಾರಲ್ಲಿ ಒಂದು ಬಸ್ಸು ಪಕ್ಕದಲ್ಲೇ ಮುಂದೆ ಹೋಯಿತು. ಪಕ್ಕದಲ್ಲಿ ಕೂತಿದ್ದ ತಮ್ಮ ಕನ್ನಡಿ ನೋಡಿ, "ಅಣ್ಣ, ಹಿಂದ್ಗಡೆ ಬಾಲ ಆಡುಸ್ತಾ ಐತೆ, ನಿಧಾನ, ನಿಧಾನ" ಅಂದ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಸ್ಟೀರಿಂಗ್ ಕೂಡ ಆಡಲು ಶುರುವಾಗಿತ್ತು. ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗ್ ನೇರ ಹಿಡಿದೆ. ವೇಗ 40ಕ್ಕೆ ಇಳಿದ ಮೇಲೆ ತಾನಾಗಿ ನಿಂತಿತು. ಇಬ್ಬರೂ ಸ್ವಲ್ಪ ಹೊತ್ತು ರಸ್ತೆ ಪಕ್ಕ ಸುಮ್ನೆ ಕೂತಿದ್ದೆವು.

ಕಾರಣ ಮನೆಗೆ ಬಂದ ಮೇಲೆ ಗೊತ್ತಾಯಿತು. ಪರಿಚಯದ ಕೊಬ್ಬರಿ ಮಂಡಿಯಲ್ಲಿ ಚೀಲ ತೂಗುವ ಯಂತ್ರದ ಮೇಲೆ ಟ್ರೇಲರ್ ಮೂತಿ ಇಟ್ಟು ನೋಡಿದೆವು. ಬರೀ 45 ಕಿಲೋ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲು ಮೂತಿಯ ಮೇಲೆ ಬೀಳಬೇಕು, ಅಂದರೆ ನಮ್ಮದಕ್ಕೆ 160ರ ಹತ್ತಿರ. ನಾನು ಜಿಪ್ಸಿಯನ್ನು ಹಿಂದಕ್ಕೆ ನಿಲ್ಲಿಸಿದ್ದೆ. ಒಂದಡಿ ಮುಂದಕ್ಕೆ ತಂದಾಗ 150 ಬಂತು. ಟ್ರೇಲರ್ ಹಲಗೆ ಮೇಲೆ ಮುಂದಿನ ಚಕ್ರ ನಿಲ್ಲುವ ಜಾಗದಲ್ಲಿ ಅಡ್ಡ ಕಬ್ಬಿಣ ವೆಲ್ಡ್ ಮಾಡಿಸಿದೆ. ಆಮೇಲೆ ಇವತ್ತಿನವರೆಗೆ ಬಾಲ ಆಡಿಲ್ಲ. ಒಂದಡಿ ಅಷ್ಟೇ!

ಎರಡನೆಯದು ಬ್ರೇಕ್. ಟ್ರೇಲರ್ ಮಾಡಿಕೊಟ್ಟವರು "ಪಿಕಪ್ ಬ್ರೇಕೇ ಸಾಕು ಸಾರ್" ಅಂದಿದ್ದರು, ನಾನೂ ಒಪ್ಪಿಕೊಂಡೆ. ಕೊರಟಗೆರೆ ಹತ್ತಿರ ಕುರಿಮಂದೆ ರಸ್ತೆಗೆ ಬಂದಾಗ ಬ್ರೇಕ್ ಒತ್ತಿದೆ. ಪಿಕಪ್ ನಿಲ್ಲುತ್ತಿದೆ, ಹಿಂದಿನ ಒಂದೂವರೆ ಟನ್ ಮುಂದಕ್ಕೆ ನೂಕುತ್ತಲೇ ಇದೆ. ಕೊನೆಯ ಕುರಿಗೂ ಬಂಪರ್‌ಗೂ ಒಂದು ಮಾರು ಅಂತರ ಉಳಿಯಿತು. ಕುರಿಗಾಹಿ ಅಜ್ಜ ಏನೂ ಬೈಯಲಿಲ್ಲ, ನೋಡಿದರು ಅಷ್ಟೇ. ಆ ನೋಟ ಈಗಲೂ ಕಣ್ಣ ಮುಂದಿದೆ.

ಬ್ರಿಟನ್‌ನಲ್ಲಿ ಇದೇ 1.9 ಎಂಜಿನ್ ಡಿ-ಮ್ಯಾಕ್ಸ್‌ಗೆ ಬ್ರೇಕ್ ಇರುವ ಟ್ರೇಲರ್ ಆದರೆ 3.5 ಟನ್ ಎಳೆಯಲು ಅನುಮತಿ. ಬ್ರೇಕ್ ಇಲ್ಲದ್ದಾದರೆ 750 ಕಿಲೋ ಮಾತ್ರ. ಅದೇ ಗಾಡಿ, ಅದೇ ಎಂಜಿನ್. ಈ ಲೆಕ್ಕ ನನಗೆ ಮೊದಲೇ ಗೊತ್ತಿದ್ದರೆ ಬ್ರೇಕ್ ಇಲ್ಲದೆ ಮನೆ ಗೇಟು ದಾಟುತ್ತಿರಲಿಲ್ಲ.

ಈಗ ಓವರ್‌ರನ್ ಬ್ರೇಕ್ ಹಾಕಿಸಿದ್ದೇನೆ. ಪಿಕಪ್ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕುವ ಬಲವೇ ಮೂತಿಯೊಳಗಿನ ರಾಡನ್ನು ಒತ್ತಿ, ಕೇಬಲ್ ಎಳೆದು, ಟ್ರೇಲರ್ ಚಕ್ರದ ಡ್ರಮ್ ಬ್ರೇಕ್ ಹಿಡಿಸುತ್ತದೆ. ವೈರಿಂಗ್ ಬೇಕಿಲ್ಲ. ರಿವರ್ಸ್ ಹಾಕುವಾಗಲೂ ಇದೇ ಬ್ರೇಕ್ ಹಿಡಿದುಬಿಡುತ್ತದೆ. ಅದಕ್ಕೆ ನಮ್ಮದರಲ್ಲಿ ಒಂದು ಲಾಕ್ ಇದೆ, ಇಳಿದು ಹಾಕಬೇಕು, ಮರೆಯದೆ ತೆಗೆಯಬೇಕು. ಇಳಿಜಾರಲ್ಲಿ ಮೂರನೇ ಗೇರಿಗೆ ಇಳಿಸಿ ಎಂಜಿನ್ ಮೇಲೆ ಬಿಡುತ್ತೇನೆ, ಬ್ರೇಕಿಗೆ ಕೆಲಸ ಕಡಿಮೆ.

ರಿವರ್ಸ್ ನನಗೆ ಕಷ್ಟ ಆಗಲಿಲ್ಲ, ಚಿಕ್ಕಂದಿನಿಂದ ಟ್ರ್ಯಾಕ್ಟರ್ ಟ್ರೇಲರ್ ಹಿಂದಕ್ಕೆ ಹಾಕಿದ ಅಭ್ಯಾಸ. ಆದರೆ ಪಿಕಪ್ ಒಂದೇ 5.3 ಮೀಟರ್, ಟ್ರೇಲರ್ ಸೇರಿದರೆ ಹತ್ತು ದಾಟುತ್ತದೆ. ಮಧುಗಿರಿ ಪೇಟೆಯೊಳಗೆ ತಿರುಗಿಸುವ ಯೋಚನೆ ಬೇಡ, ಸುತ್ತಿಕೊಂಡು ಹೋಗಿ.

ಸ್ನೇಹಿತರೊಬ್ಬರ ಟೊಯೋಟಾ ಹೈಲಕ್ಸ್ ಪಿಕಪ್ ಕೂಡ ಒಂದು ದಿನ ಕಟ್ಟಿ ನೋಡಿದೆ. 2.8 ಲೀಟರ್, 204 ಎಚ್‌ಪಿ, ಆಟೋಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್. ಹಿಂದೆ ಏನೂ ಇಲ್ಲ ಅನ್ನುವ ಹಾಗೆ ಹೋಗುತ್ತದೆ. ಥಾರ್‌ನಂಥ ಭಾರದ ಗಾಡಿ ಎಳೆಯುವವರು ಅದನ್ನೇ ನೋಡಲಿ. ಜಿಪ್ಸಿಗೆ ವಿ-ಕ್ರಾಸ್ ಸಾಕು, ಉಳಿದ ದುಡ್ಡಲ್ಲಿ ಟ್ರೇಲರ್‌ಗೆ ಒಳ್ಳೆ ಬ್ರೇಕ್, ಒಳ್ಳೆ ಟೈರ್ ಹಾಕಿಸಿ. ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಬಂಪರ್‌ಗಲ್ಲ, ಚಾಸಿಗೇ ಬೋಲ್ಟ್ ಆಗಿರಬೇಕು. ಎರಡು ಸೇಫ್ಟಿ ಚೈನ್ ಕೂಡ ಮೂತಿಯ ಕೆಳಗೆ ಅಡ್ಡಡ್ಡ ಹಾಕಿ.

ಜಿಪ್ಸಿ ಕಟ್ಟುವ ರ್ಯಾಚೆಟ್ ಬೆಲ್ಟ್‌ಗಳನ್ನು (ಹಿಡಿ ಆಡಿಸಿ ಬಿಗಿ ಮಾಡುವ ಪಟ್ಟಿ) ಅದರ ಬಾಡಿಯ ಮೇಲೆ ಹಾಕಬೇಡಿ, ಚಕ್ರಕ್ಕೋ ಆಕ್ಸಲ್‌ಗೋ ಹಾಕಿ. ಬಾಡಿ ಸ್ಪ್ರಿಂಗ್ ಮೇಲೆ ಕುಣಿದಂತೆಲ್ಲ ಬೆಲ್ಟ್ ಸಡಿಲ ಆಗುತ್ತದೆ. ನಾವು ಗುಬ್ಬಿಯಲ್ಲಿ ಟೀ ಕುಡಿಯಲು ನಿಲ್ಲಿಸುತ್ತೇವೆ. ನಾನು ಟೀ ಹೇಳುವಷ್ಟರಲ್ಲಿ ತಮ್ಮ ನಾಲ್ಕೂ ಬೆಲ್ಟ್ ಬಿಗಿ ಮಾಡಿ, ಟ್ರೇಲರ್ ಚಕ್ರಗಳ ನಡುವಿನ ಎರಡೂ ಹಬ್ ಮೇಲೆ ಕೈಯಿಟ್ಟು, ಬಿಸಿ ಎಷ್ಟಿದೆ ನೋಡಿ ಬರುತ್ತಾನೆ.