ರಾಜ್ಯದ ಜೈಲೋ, ಕೌಂಟಿ ಜೈಲೋ?

ಕ್ಯಾಲಿಫೋರ್ನಿಯಾದ ರಾಜ್ಯ ಜೈಲುಗಳಲ್ಲಿ ಜಿಮ್ಮಿನೊಳಗೂ ಮೂರು ಹಂತದ ಮಂಚ ಹಾಕಿ ಕೈದಿಗಳನ್ನು ಮಲಗಿಸುತ್ತಿದ್ದರು. ಸಂಖ್ಯೆಯನ್ನು ಸಾಮರ್ಥ್ಯದ ಶೇ. 137.5ಕ್ಕೆ ಇಳಿಸಬೇಕೆಂಬ ಆದೇಶವನ್ನು 2011ರ ಮೇನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅಕ್ಟೋಬರ್‌ನಿಂದ ಹಿಂಸೆ, ಲೈಂಗಿಕ ಅಪರಾಧ ಇಲ್ಲದ ಬಹಳಷ್ಟು ಜನರ ಹೊಣೆ ಕೌಂಟಿಗಳಿಗೆ (ನಮ್ಮ ಜಿಲ್ಲೆ ಇದ್ದ ಹಾಗೆ) ಬಂತು.

ಮನೆಯವರಿಗೆ ಕೌಂಟಿ ಜೈಲೇ ಹತ್ತಿರ. ರಾಜ್ಯದ ಪೆಲಿಕನ್ ಬೇ ಜೈಲು ಲಾಸ್ ಏಂಜಲೀಸ್‌ನಿಂದ ಸಾವಿರ ಕಿ.ಮೀ.ಗೂ ಜಾಸ್ತಿ ದೂರ. ಅಷ್ಟು ದೂರ ಅಮ್ಮ ಎಷ್ಟು ಸಲ ಹೋಗ್ತಾಳೆ, ಹೇಳಿ?

ಆದರೆ ಕೌಂಟಿ ಜೈಲು ಕಟ್ಟಿದ್ದೇ ವರ್ಷದೊಳಗಿನ ವಾಸಕ್ಕೆ. ಓಡಾಡೋಕೆ ಅಂಗಳ ಕಮ್ಮಿ, ತರಗತಿಗಳೂ ಕಮ್ಮಿ. ಐದಾರು ವರ್ಷದ ಶಿಕ್ಷೆಗೆ ರಾಜ್ಯದ್ದೇ ವಾಸಿ. ಒಂದಿಷ್ಟು ಒಳಗೆ, ಉಳಿದದ್ದು ಹೊರಗೆ ಪ್ರೊಬೇಷನ್ ಅಧಿಕಾರಿಯ ಕಣ್ಗಾವಲಲ್ಲಿ ಕಳೆಯುವ ಸಣ್ಣ ಶಿಕ್ಷೆಯಾದರೆ ನನ್ನ ಓಟು ಕೌಂಟಿಗೆ.