ಬ್ಲಡ್ ತಗೊಳೋದ್ರಲ್ಲಿ ಫಸ್ಟ್ ಕ್ಲಾಸ್, ರಿಪೋರ್ಟ್ ಮಾತ್ರ ಅರ್ಥ ಆಗಲ್ಲ

ಅಮ್ಮಂಗೆ ಶುಗರ್ ಟೆಸ್ಟ್ ಮಾಡ್ಸೋಕೆ ನಮ್ ಏರಿಯಾದ ಒಂದ್ ಲ್ಯಾಬಿಂದ ಮನೆಗೇ ಬಂದು ಬ್ಲಡ್ ತಗೊಳೋ ಸರ್ವೀಸ್ ಬುಕ್ ಮಾಡಿದ್ವಿ, ಏಳಕ್ಕೆ ಬರ್ತೀವಿ ಅಂದೋರು ಬಂದಿದ್ದು ಎಂಟೂವರೆಗೆ, ಅಷ್ಟೊತ್ತೂ ಅಮ್ಮ ಕಾಫಿ ಇಲ್ದೆ ಸಿಡಿಮಿಡಿ. ಆದ್ರೆ ಬಂದ ಹುಡುಗಿ ಕೈ ಸೂಪರ್, ಒಂದೇ ಸಲಕ್ಕೆ ನರ ಸಿಕ್ತು. ಬೂದು ಮುಚ್ಚಳದ ಟ್ಯೂಬು ಫಾಸ್ಟಿಂಗ್ ಶುಗರ್‌ಗೆ, ನೇರಳೆ ಮುಚ್ಚಳದ್ದು ಎಚ್‌ಬಿಎ1ಸಿಗೆ ಅಂತ ಕೇಳದೇನೇ ಹೇಳಿದ್ಲು. ಈ ಎರಡನೇದು ರಕ್ತದಲ್ಲಿರೋ ಶುಗರ್‌ನ ಹೆಚ್ಚುಕಮ್ಮಿ ಮೂರು ತಿಂಗಳ ಸರಾಸರಿ, ಅದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ, ಹಿಂದಿನ ದಿನ ಒಂದಿನ ಸ್ವೀಟ್ ಬಿಟ್ಟು ಯಾಮಾರಿಸೋಕೂ ಆಗಲ್ಲ (ನಮ್ಮಮ್ಮ ಒಬ್ಬಟ್ಟು ಬಿಟ್ಟು ಕೂತಿದ್ರು!).

ಸಂಜೆ ವಾಟ್ಸಾಪಿಗೆ ರಿಪೋರ್ಟ್ ಬಂತು, ಎಚ್‌ಬಿಎ1ಸಿ 6.1, ಪಕ್ಕದಲ್ಲಿ ಕೆಂಪಕ್ಷರದಲ್ಲಿ "ಹೈ" ಅಂತ ಅಷ್ಟೇ. ಅಮ್ಮ ಫುಲ್ ಗಾಬರಿ. 5.7ರಿಂದ 6.4ರವರೆಗೆ ಪ್ರೀಡಯಾಬಿಟಿಸ್ (ಡಯಾಬಿಟಿಸ್‌ಗೆ ಮುಂಚಿನ ಹಂತ), 6.5 ಮುಟ್ಟಿದ್ರೆ ಡಯಾಬಿಟಿಸ್ ಲೆಕ್ಕ ಅಂತ ಕೆಳಗೆ ಒಂದ್ ಲೈನ್ ಹಾಕೋಕೆ ಏನ್ ಕಷ್ಟ ಸ್ವಾಮಿ? ಆಮೇಲೆ ನಮ್ ಡಾಕ್ಟ್ರು ಹೇಳಿದ್ರು, ರಕ್ತಹೀನತೆ ಇರೋರಿಗೆ ಈ ನಂಬರ್ ಏರುಪೇರಾಗ್ಬಹುದು, ಅಮ್ಮಂಗೆ ಹಿಮೋಗ್ಲೋಬಿನ್ ಕಮ್ಮಿ ಬೇರೆ ಇದೆ, ಅದನ್ನೂ ಸೇರ್ಸಿ ನೋಡ್ಬೇಕು ಅಂತ. ಐದಕ್ಕೆ ಮೂರೂವರೆ ಸ್ಟಾರ್, ಲೇಟಿಗೆ ಒಂದು ಕಟ್, ಆ ಕೆಂಪಕ್ಷರಕ್ಕೆ ಅರ್ಧ.